ಕೇಳಬೇಕಾಯಿತು

ಹೆಣ್ಣಿನ ಮನಸ್ಸು ಒಪ್ಪಿದರೆ ಅವಳ ಕೂದಲು ಹಸಿರಾಗುತ್ತದೆ, ಒಲ್ಲದಿದ್ದರೆ ಬೂದಿ ಬಣ್ಣ. ಹೆಣ್ಣು ನೋಡಲು ಬಂದವರು ಜಡೆ ನೋಡುತ್ತಾರೆ, ಹುಡುಗಿಯನ್ನು ಏನೂ ಕೇಳುವುದಿಲ್ಲ. ಬೂದಿಯಾದರೆ ಮನೆಯವರು ಮಲ್ಲಿಗೆ ಮಾಲೆಯಿಂದ ಮುಚ್ಚುವುದುಂಟು. ದಾನೇಶ್ವರಿಯ ಅವ್ವನ ಜಡೆಯನ್ನೂ ಹಾಗೆಯೇ ಮುಚ್ಚಿದ್ದರು.

ದಾನೇಶ್ವರಿಯ ಕೂದಲು ಕಾಯಿಲೆಯಿಂದ ಪೂರ್ತಿ ಉದುರಿತ್ತು. ಅವ್ವ ಸೆರಗು ಹೊದಿಸಲು ಬಂದರೂ ಬೇಡವೆಂದು, ಬರಿದಲೆಯಲ್ಲೇ ಚಹಾ ತಂದಿಟ್ಟಳು.

ನೋಡಲು ಬಂದ ಗುರುಪಾದ ಅವಳ ತಲೆ ನೋಡಿದ, ಗೋಡೆ ನೋಡಿದ. ಕೊನೆಗೆ ಬೆವರುತ್ತ ಕೇಳಿದ, “ನಾ ನಿಮ್ಮ ಮನಸಿಗೆ ಬಂದೇನೇನ್ರಿ?”

ಆ ಮನೆಯ ಯಾವ ಹೆಣ್ಣಿಗೂ ಯಾರೂ ಹೀಗೆ ಕೇಳಿರಲಿಲ್ಲ.

“ಇನ್ನೂ ಗೊತ್ತಿಲ್ರಿ,” ಎಂದು ದಾನೇಶ್ವರಿ ನಕ್ಕಳು. “ನಾಳೆ ಮತ್ತ ಬಂದು ಕೇಳ್ರಿ.”

ಬಾಗಿಲ ಹಿಂದೆ ನಿಂತಿದ್ದ ಅವ್ವನ ಬೂದಿ ಜಡೆ ಮೂವತ್ತು ವರ್ಷಗಳ ಮೇಲೆ ಬುಡದಿಂದ ಹಸಿರಾಗತೊಡಗಿತ್ತು.