ಅರಮನೆಯ ದಿಕ್ಕು

ಬಂದರಿನ ಅರಸನ ಅರಮನೆ ಕಡಲಿಗೆ ಅಂಟಿಕೊಂಡಂತಿತ್ತು. ಕುದುರೆ ಮಾರಲು ಬಂದ ಅರಬ್ಬೀ ವರ್ತಕರು ಅದರ ಹಿಂದೆಯೇ ಮಸೀದಿ ಕಟ್ಟಿಕೊಂಡು, ದಿನಕ್ಕೆ ಐದು ಹೊತ್ತು ಪಡುವಣಕ್ಕೆ, ಅಂದರೆ ಅರಮನೆಯ ಕಡೆಗೇ ಮುಖ ಮಾಡಿ ಬಾಗುತ್ತಿದ್ದರು. ಇಷ್ಟು ಮರ್ಯಾದೆಯನ್ನು ಹೆತ್ತ ಮಕ್ಕಳೂ ಕೊಟ್ಟಿಲ್ಲವೆಂದು ಅರಸ ಅವರ ಸುಂಕವನ್ನೇ ಬಿಟ್ಟುಕೊಟ್ಟ. ಊರಿನ ಕೆಲವು ದೋಣಿಯವರೂ ಆ ಸಾಲಿಗೆ ಸೇರಿಕೊಂಡಾಗ ಅವನ ಹಿಗ್ಗು ಹೇಳತೀರದು.

ಮುಂದೆ ಅರಸ ಮೂಡಣ ಗುಡ್ಡದ ಮೇಲೆ ಹೊಸ ಅರಮನೆ ಕಟ್ಟಿಸಿಕೊಂಡು ಹೋದ. ಮಸೀದಿಯವರು ಮಾತ್ರ ಅತ್ತ ತಿರುಗಲಿಲ್ಲ. ಐದು ಹೊತ್ತೂ ಅರಸನಿಗೆ ಕಂಡದ್ದು ಅವರ ಬೆನ್ನು. ಹಿರಿಯ ವರ್ತಕನನ್ನು ಕರೆಸಿದ.

"ನಾನು ಇಲ್ಲಿದ್ದೇನೆ. ಬೀಗ ಹಾಕಿದ ಹಳೇ ಅರಮನೆಗೆ ಯಾಕಯ್ಯಾ ಬಾಗ್ತೀರಿ? ನಿಜ ಹೇಳದಿದ್ರೆ ನಾಳೆಯೇ ಹಡಗು ಹತ್ತಿ."

"ನಾವು ಬಾಗೋದು ಅರಮನೆಗಲ್ಲ, ಒಡೆಯಾ. ಕಡಲಾಚೆ ಮೆಕ್ಕಾದಲ್ಲಿ ಒಂದು ಮನೆ ಇದೆ. ಆ ದಿಕ್ಕಿಗೆ."

"ಆ ಮನೇಲಿ ಇರೋ ಅರಸ ಯಾರು?"

"ಯಾರೂ ಇರೋದಿಲ್ಲ, ಒಡೆಯಾ. ಒಳಗೆ ಖಾಲಿ."

ಅರಸ ಗಡ್ಡ ನೀವಿಕೊಳ್ಳುತ್ತ ಪಕ್ಕದಲ್ಲಿದ್ದ ಮಂತ್ರಿಯ ಕಡೆ ತಿರುಗಿದ.

"ಕೇಳಿದಿರಾ? ನಾಳೆಯೇ ಹೊಸ ಅರಮನೆ ಖಾಲಿ ಮಾಡಿಸಿ."