ತಮ್ಮನ ಬಲಗೈ

ಚೆಲುವರಾಜು ತೀರಿಕೊಂಡ ಸುದ್ದಿ ಬಂದ ದಿನವೇ, ಅವನ ಬಲಗೈ ಬಳ್ಳಾರಿ ತಂಡದ ಎರ್ರಿಸ್ವಾಮಿಗೆ ಹೋಗುತ್ತದೆಂದೂ ತಿಳಿಯಿತು. ಸತ್ತ ಆಟಗಾರನ ಕೈಯನ್ನು, ಕೈ ಕಳೆದುಕೊಂಡ ಆಟಗಾರನಿಗೆ ಜೋಡಿಸುವುದು ಆಗ ರೂಢಿಯಾಗಿತ್ತು. ಕಲಿತ ಆಟವೂ ಕೈಯೊಂದಿಗೇ ಹೋಗುತ್ತಿತ್ತು. ಮಂಡ್ಯ ತಂಡದಲ್ಲಿ ತಮ್ಮನ ಜೊತೆಗೇ ಆಡಿದ್ದ ಅಣ್ಣ ಕೆಂಪರಾಜುವಿಗೆ, ಆ ಕೈ ತನಗೆ ಬಾರದೆ ಎದುರಾಳಿಗೆ ಹೋಗುವುದನ್ನು ಸಹಿಸಲಾಗಲಿಲ್ಲ. ತನ್ನ ಕೈ ಗಟ್ಟಿಯಾಗಿದ್ದುದೇ ತಪ್ಪಾಯಿತಲ್ಲ ಎಂದು ಕೊರಗಿದ.

ಮುಂದಿನ ವರ್ಷ ಮಂಡ್ಯಕ್ಕೂ ಬಳ್ಳಾರಿಗೂ ನಡೆದ ಬ್ಯಾಸ್ಕೆಟ್‌ಬಾಲ್ ಫೈನಲ್ ಸರಣಿಯಲ್ಲಿ ಎರಡೂ ಕಡೆಯವರು ಮೈಮೇಲೆ ಬಿದ್ದು ಆಡಿದರು. ಫೌಲಿನ ಸೀಟಿ ನಿಲ್ಲುತ್ತಲೇ ಇರಲಿಲ್ಲ. ಆ ಕೈ ಚೆಂಡು ಹಾಕಿದಾಗಲೆಲ್ಲ ಜನ ಎರ್ರಿಸ್ವಾಮಿಯ ಹೆಸರು ಕೂಗುವುದನ್ನು ಕೆಂಪರಾಜುವಿಗೆ ಕೇಳಲಾಗಲಿಲ್ಲ. ಆ ಕೈಗೇ ಹೊಡೆದ.

“ಹೊಡಿಯೋದಾದ್ರೆ ಎಡಗೈಗೆ ಹೊಡೀರಿ ಅಣ್ಣಾ. ಬಲಗೈ ನಿಮ್ಮ ಮನೀದು,” ಎಂದು ಕೊನೆಯ ಪಂದ್ಯದಲ್ಲಿ ಎರ್ರಿಸ್ವಾಮಿ ನಕ್ಕ.

“ಎರವಲು ಕೈಲಿ ಆಡೋನಿಗೆ ಮಾತು ಬೇರೆ ಕೇಡು,” ಎಂದ ಕೆಂಪರಾಜು.

ಅಂಕ ಸಮವಾಗಿತ್ತು, ಸಮಯ ಮುಗಿಯುತ್ತ ಬಂದಿತ್ತು. ಎರ್ರಿಸ್ವಾಮಿ ನೆಗೆದಾಗ ಕೆಂಪರಾಜು ಅವನ ಮೇಲೆ ಎರಗಿ, ಇಬ್ಬರೂ ಉರುಳಿದರು. ಐದನೆಯ ಫೌಲು, ಕೆಂಪರಾಜು ಆಟದಿಂದ ಹೊರಗೆ. ಅಷ್ಟರಲ್ಲಿ ಆ ಬಲಗೈ ಚಾಚಿ ಬಂದು ಅವನನ್ನು ಎಬ್ಬಿಸಿತು, ಬೆನ್ನಿನ ಧೂಳು ಕೊಡವಿತು, ಮೇಲೆ ಸರಿದಿದ್ದ ಜೆರ್ಸಿಯನ್ನು ಕೆಳಗೆಳೆದು ಸರಿಮಾಡಿತು. ಅಣ್ಣ ಬಿದ್ದಾಗಲೆಲ್ಲ ಚೆಲುವರಾಜು ಮಾಡುತ್ತಿದ್ದುದೂ ಹಾಗೆಯೇ.

“ನಾನಲ್ಲ ಅಣ್ಣಾ,” ಎರ್ರಿಸ್ವಾಮಿ ಗಾಬರಿಯಾದ. “ತಾನೇ ಹೋತು ನೋಡ್ರಿ.”

ಕೆಂಪರಾಜು ಬೆಂಚಿನಲ್ಲಿ ಹೋಗಿ ಕುಳಿತ. ಎದುರಿಗೆ ಆ ಕೈ ಫ್ರೀ ಥ್ರೋಗೆಂದು ಚೆಂಡನ್ನು ಎತ್ತಿತು. ಅದು ಬುಟ್ಟಿಗೆ ಬಿದ್ದರೆ ಮಂಡ್ಯ ಸೋತಂತೆ. ಅವನು ಕಣ್ಣು ಮುಚ್ಚಿದ.

“ಮಾದಪ್ಪಾ, ಆ ಕೈ ನಡುಗದಿರಲಿ. ನನ್ನ ತಮ್ಮನ ಜೀವಕ್ಕೆ ಶಾಂತಿ ಕೊಡಪ್ಪಾ.”