ದಂಡೆಗೆ ಚಾಚಿದ ಕೈ

ಕೈಯನ್ನು ನೆಟ್ಟಗೆ ಮೇಲೆತ್ತಿ ಹಿಡಿದರೆ ತೆಪ್ಪ ಬರುತ್ತದೆ. ತೆಪ್ಪ ಹಿಡಿದವರ ಸ್ಪರ್ಧೆ ಅಲ್ಲಿಗೇ ಮುಗಿಯುತ್ತದೆ. ಸಾಣಾಪುರದ ಕೆರೆಯ ದಂಡೆಯಲ್ಲಿ ಸಂಘಟಕನು ಧ್ವನಿವರ್ಧಕದಲ್ಲಿ ಇದನ್ನು ಮತ್ತೆ ಮತ್ತೆ ಹೇಳುತ್ತಿದ್ದ. ಮುಕ್ಕಾಲು ಕಿಲೋಮೀಟರು ಈಜು, ಅದಾದ ಮೇಲೆ ಸೈಕಲ್ಲು, ಕೊನೆಗೆ ಓಟ. ಸೈಕಲ್ಲಿಗಾಗಲಿ ಓಟಕ್ಕಾಗಲಿ ಅನುಸೂಯಾ ಅಂಜಿರಲಿಲ್ಲ. ಮುನಿರಾಬಾದಿನ ನೀರಾವರಿ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದ, ನಲವತ್ತು ದಾಟಿದ ಆಕೆಗೆ ಅಂಜಿಕೆಯಿದ್ದದ್ದು ನೀರಿನಿಂದ ಮೇಲೇಳುವ ಆ ಒಂದು ಗಳಿಗೆಯದು.

ಕಚೇರಿಯ ಗೆಳತಿ ಸುರೇಖಾ ಮೊಬೈಲು ಹಿಡಿದು ನಿಂತಿದ್ದಳು. ಕಾವಲಿಗೆಂದು ನೇಮಿಸಿದ್ದ ತೆಪ್ಪದ ಮುದುಕ ಜಿಲಾನಸಾಬ, ತನ್ನ ತೆಪ್ಪ ಹತ್ತಿದವರಿಗೆ ಬಿಸಿ ಚಹಾ ಪುಕ್ಕಟೆ ಎಂದು ಆಗಲೇ ಎಲ್ಲರನ್ನೂ ನಗಿಸಿದ್ದ. ಸುರೇಖಾ ಅದೇ ಎಳೆ ಹಿಡಿದಳು.

“ಅಕ್ಕಾರ, ತೆಪ್ಪದಾಗ ಕುಂತು ಬರೂದಾದ್ರ ಮೊದಲ ಹೇಳ್ರಿ. ಫೋಟೋ ಛಲೋ ತೆಗೀತೀನಿ.”

“ಗೆಲ್ಲೂದು ಬ್ಯಾಡವ್ವ ನನಗ. ಒಮ್ಮೆ ಯಾರ ಕೈನೂ ಹಿಡೀದಂಗ ನೀರಾಗಿಂದ ಎದ್ದು ಬಂದ್ರ ಸಾಕು.”

ಹಾಗೆ, ಯಾವ ಆಸರೆಯೂ ಇಲ್ಲದೆ, ಅವಳು ಎಂದೂ ಎದ್ದು ಬಂದಿರಲಿಲ್ಲ. ಈಜು ಕಲಿತದ್ದು ಮುನಿರಾಬಾದಿನ ಎಡದಂಡೆ ಕಾಲುವೆಯಲ್ಲಿ. ಇಕ್ಕೆಲದಲ್ಲೂ ಇಳಿಜಾರಾದ ಕಲ್ಲುಹಾಸು, ಅದರ ಮೇಲೆ ಪಾಚಿ. ಇಳಿಯುವುದು ಸುಲಭ, ಒಬ್ಬರೇ ಹತ್ತುವುದು ಆಗದ ಮಾತು. ಆದ್ದರಿಂದ ಕಾಲನಿಯ ಮಕ್ಕಳಲ್ಲಿ ಒಂದು ಕಟ್ಟಳೆಯಿತ್ತು: ಒಬ್ಬರು ಈಜಿದರೆ ಇನ್ನೊಬ್ಬರು ದಂಡೆಯಲ್ಲಿ ಉಳಿಯಬೇಕು. ಅವಳ ಪಾಲಿಗೆ ದಂಡೆಯಲ್ಲಿ ಉಳಿದವನು ಅಣ್ಣ ದುರಗೇಶ. ಸೆಳವಿನಲ್ಲಿ ತೇಲಿ ಅವನ ಬಳಿ ಬಂದಾಗ ಬಲಗೈ ಎತ್ತುವುದಷ್ಟೇ ಅವಳ ಕೆಲಸ. “ಕೈ ಎತ್ತು, ಉಳಿದದ್ದು ನನಗ ಬಿಡು,” ಎನ್ನುತ್ತಿದ್ದ. ಇಬ್ಬರ ಕೂದಲೂ ನರೆಯತೊಡಗಿದ ಮೇಲೂ ರಜೆಯ ಬೆಳಗುಗಳಲ್ಲಿ ಅವರದು ಅದೇ ಆಟ. ಹೋದ ವರ್ಷ ದುರಗೇಶ ಎದೆನೋವೆಂದು ಮಲಗಿದವನು ಏಳಲಿಲ್ಲ. ಆಮೇಲೆ ಅವಳು ಕಾಲುವೆಯ ಕಡೆ ಮುಖ ಹಾಕಲಿಲ್ಲ. ಈಜುಕೊಳದಲ್ಲಿ ತಾಲೀಮು ನಡೆಸಿದಳು. ಅಲ್ಲಿ ಹತ್ತಲು ಕಬ್ಬಿಣದ ಏಣಿಯಿತ್ತು.

ಸೀಟಿ ಊದಿದ್ದೇ ನೀರು ಒಡೆದು ನೊರೆಯಾಯಿತು. ಚುರುಕಿನವರು ಮುಂದಾದರು, ಗದ್ದಲ ಅವರೊಡನೆ ದೂರ ಹೋಯಿತು, ಅವಳ ಪಾಲಿಗೆ ಉಸಿರಿನ ಲಯವೊಂದೇ ಉಳಿಯಿತು. ಸುತ್ತಲಿನ ಬಂಡೆಗುಡ್ಡಗಳು ಕೆರೆಯೊಳಗೆ ತಲೆಕೆಳಗಾಗಿ ಮಲಗಿದ್ದವು. ಅವಳು ತೋಳು ಬೀಸಿದಾಗಲೆಲ್ಲ ಒಂದು ಬಂಡೆ ಕರಗುತ್ತಿತ್ತು. ಅವಳು ದಾಟಿದ ಮೇಲೆ ನಿಧಾನವಾಗಿ ಮತ್ತೆ ಬಂಡೆಯಾಗುತ್ತಿತ್ತು. ಮೋಡದ ತುಣುಕೊಂದು ಎದೆಯ ಕೆಳಗೆ ಸರಿದು ಹೋಯಿತು. ಆಳದಲ್ಲಿ ಬೆಳಕು ಹಸಿರಾಗಿ, ಹಸಿರು ನಿದ್ದೆಯಾಗಿ, ಆ ನಿದ್ದೆಯೊಳಗೆ ಒಂದು ಕಾಲುವೆ ಹರಿಯತೊಡಗಿತು. ಗುರುತಿಗೆಂದು ತೇಲಿಬಿಟ್ಟಿದ್ದ ಕಿತ್ತಳೆ ಬಣ್ಣದ ದೊಡ್ಡ ಚೆಂಡನ್ನು ಸುತ್ತಿ ಹಿಂದಿರುಗುವಾಗ, ತಾನು ಯಾವ ನೀರಿನಲ್ಲಿದ್ದೇನೆ, ಯಾವ ವಯಸ್ಸಿನಲ್ಲಿದ್ದೇನೆ ಎಂಬುದು ಅವಳಿಗೆ ನಿಚ್ಚಳವಿರಲಿಲ್ಲ. ದಂಡೆ ಹತ್ತಿರವಾಗುತ್ತಿತ್ತು. ಅಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಯಾರೋ ನೀರಿನತ್ತ ಬಗ್ಗಿ ನಿಂತಂತಿತ್ತು.

ಅವಳ ಬಲಗೈ ತಾನಾಗಿ ಮೇಲೆದ್ದಿತು. ನೆಟ್ಟಗೆ ಎದ್ದು, ಅಲ್ಲಾಡದೆ ನಿಂತಿತು.

ಬಗ್ಗಿ ನಿಂತದ್ದು ಒಂದು ಜಾಲಿಗಿಡ. ದಂಡೆಯಲ್ಲಿ ಸುರೇಖಾ ಮೊಬೈಲನ್ನು ಕೆಳಗಿಳಿಸಿದಳು. ಸಂಘಟಕ ಸೀಟಿ ಊದಿದ. ಜಿಲಾನಸಾಬ ಸರಸರನೆ ತೆಪ್ಪ ನಡೆಸಿಕೊಂಡು ಬಂದು, ಹಿಡಿದುಕೊಳ್ಳಲೆಂದು ಹುಟ್ಟನ್ನು ಚಾಚಿದ. ಆಗ ಅವಳಿಗೆ ಎಚ್ಚರವಾಯಿತು. ಕೈ ಇಳಿಸಬೇಕೆಂದುಕೊಂಡಳು, ಕೈ ಇಳಿಯಲಿಲ್ಲ. ಇಳಿಸಿದರೆ, ಅದನ್ನು ಹಿಡಿಯುವವನು ಇನ್ನಿಲ್ಲವೆಂದು ತಾನೇ ಒಪ್ಪಿಕೊಂಡಂತೆ.

ಮುದುಕ ಆ ಕೈಯನ್ನೇ ದಿಟ್ಟಿಸಿದ. ಮುಳುಗುವವರ ಕೈ ಗಾಳಿಯನ್ನು ತಡಕಾಡುತ್ತದೆ. ಇದು ಸುಮ್ಮನೆ ಕಾಯುತ್ತಿತ್ತು. ಹುಟ್ಟನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡ.

“ಕಾಲುವಿ ಮಂದಿ ಏನವ್ವಾ?”

ಅವಳು ಹೌದೆಂದು ತಲೆಯಾಡಿಸಿದಳು.

“ಇದು ಕೆರಿ ಐತಿ, ತಂಗಿ. ಕಾಲು ಊರು. ನೆಲ ಐತಿ.”

ಅನುಸೂಯಾ ಕಾಲು ಊರಿದಳು. ಮೊದಲು ಮೆತ್ತನೆಯ ಕೆಸರು, ಕೆಸರಿನಡಿ ಮರಳು, ಮರಳಿನಡಿ ಗಟ್ಟಿ ನೆಲ. ಎದ್ದು ನಿಂತಳು. ನೀರು ಸೊಂಟದವರೆಗೂ ಬರಲಿಲ್ಲ. ಇಷ್ಟು ಹೊತ್ತು ಆಕಾಶದಂತೆ ತಳವಿಲ್ಲದೆ ಇದ್ದದ್ದು ಈಗ ಮೊಣಕಾಲಿನ ಮೇಲೆ ತುಸುವೇ ತುಳುಕುತ್ತಿತ್ತು.

ಆಕೆ ಸಹಾಯ ಕೇಳಿದಳೇ ಎಂದು ಸಂಘಟಕ ಧ್ವನಿವರ್ಧಕದಲ್ಲಿ ವಿಚಾರಿಸಿದ. ಜಿಲಾನಸಾಬ ತೆಪ್ಪವನ್ನು ಬೇರೆಡೆಗೆ ತಿರುಗಿಸುತ್ತಲೇ ಉತ್ತರ ಕೊಟ್ಟ: “ಇಲ್ರಿ ಸಾಹೇಬ್ರ, ಗುರುತಿನಾಕಿ. ಸಲಾಮ್ ಮಾಡಿದ್ಲು, ನಾ ತಗೊಂಡೆ.”

ಅವಳು ನಡೆದುಕೊಂಡೇ ದಂಡೆ ಹತ್ತಿದಳು. ಸುರೇಖಾ ಫೋಟೋ ತೆಗೆಯುವುದನ್ನು ಮರೆತು ಟವೆಲ್ಲು ಚಾಚಿದಳು. ಅದಕ್ಕೂ ಅವಳು ಕೈ ನೀಡದೆ ಸೈಕಲ್ಲಿನತ್ತ ನಡೆದಳು. ಭತ್ತದ ಗದ್ದೆಗಳ ನಡುವಿನ ಆನೆಗುಂದಿಯ ದಾರಿಯಲ್ಲಿ ಸೈಕಲ್ಲು ಹಗುರಾಗಿ ಓಡತೊಡಗಿತು. ಮೈಯೆಲ್ಲ ಒದ್ದೆ, ಎದುರಿಗೆ ಗಾಳಿ. ಹಿಡಿಕೆಯ ಮೇಲಿನ ಎಡಗೈ ತಣ್ಣಗೆ ಕೊರೆಯುತ್ತಿತ್ತು. ಬಲಗೈ ಮಾತ್ರ, ಯಾರೋ ಈಗಷ್ಟೇ ಹಿಡಿದು ಬಿಟ್ಟಂತೆ, ಬೆಚ್ಚಗಿತ್ತು.